ಅಡಿಗೆಮನೆಯಲ್ಲಿ ನಿಷೇಧವಾದ ‘ಅದು’

…ಅಲ್ಲ ಮಾರಾಯ್ತಿ, ನಿನ್ನ ಅರೇಬಿಕ್ ಮಿಸ್ ಹೇಳಿಕೊಟ್ಟದ್ದು ಸರಿಯೇ. ‘ಅದೂ’ ಅಂದ್ರೆ ಶತ್ರು. ಅದ್ರಲ್ಲಿ ತಪ್ಪಿಲ್ಲ. ಆದ್ರೆ ಆ ಒಂದು ಶಬ್ದ ಕಲೀಲಿಕ್ಕೆ ನಿನಗೆ ಒಂದು ಪೀರಿಯಡ್ ಸಾಕಾಯ್ತು, ನನಗೆ ಒಂದು ಯುದ್ಧವೇ ಬೇಕಾಯ್ತು, ಗೊತ್ತುಂಟಾ? ಈಗ ನೀನು ಚಾರ್ಜರ್ ತೆಗೆದ ಅಂತ ಹೇಳಿ ತಮ್ಮನ ಕೋಣೆಯ ಬಾಗಿಲಿಗೆ ಅಷ್ಟು ದೊಡ್ಡ ಅರಬ್ಬಿ ಅಕ್ಷರದಲ್ಲಿ ‘ಅದೂ’ ಅಂತ ಬರೆದು ಅಂಟಿಸಿ ಬಂದಿದ್ದಿಯಲ್ಲ ದಿಶಾ, ಅವ ಒಳಗೆ ಚಿಲಕ ಹಾಕಿ ಕೂತಿದ್ದಾನಲ್ಲ, ಅದನ್ನು ನೋಡಿ ನನಗೆ ನಗು ಬಂತು ಅಂತ ನಿನಗೆ ಸಿಟ್ಟು. ನಾನು ನಿನ್ನನ್ನು ನೋಡಿ ನಗ್ಲಿಲ್ಲ. ನನಗೆ ಆಡು ನೆನಪಾಯ್ತು. ಆಡು, ಆಡು, ಮೇಕೆ. ಬಾ, ಇಲ್ಲಿ ಬಾಲ್ಕನಿಯಲ್ಲಿ ಕೂತ್ಕೋ, ವಿಮಾನ ಹೋಗುವಾಗ ಮಾತ್ರ ಸ್ವಲ್ಪ ನಿಲ್ಲಿಸ್ತೇನೆ, ಮಸ್ಕತ್ತಿನ ವಿಮಾನ ನಿಲ್ದಾಣದ ಬದಿಗೇ ಈ ಸೀಬಿನಲ್ಲಿ ಮನೆ ಮಾಡಿದ್ದಕ್ಕೆ ಅಷ್ಟು ಶಿಕ್ಷೆ ಉಂಟು.

ನಿನ್ನ ಈ ಅಜ್ಜನಿಗೆ ಈಗ ಐವತ್ತೆಂಟು. ಯಾಕೆ ಹುಬ್ಬು ಹಾರಿಸ್ತಿ? ನಿನ್ನ ಅಪ್ಪನ ಮದುವೆಯಲ್ಲೂ ನನಗೆ ಐವತ್ತೆಂಟೇ, ಒಳ್ಳೆ ವಯಸ್ಸು, ಸರಿಯಾಗಿ ಒಗ್ಗಿದೆ, ಯಾಕೆ ಬದಲಾಯಿಸ್ಬೇಕು? ಲೆಕ್ಕ ಹಾಕ್ಲಿಕ್ಕೆ ಹೋಗ್ಬೇಡ, ಕಥೆ ಕೇಳು. ಆಗ ಕುಂದಾಪುರದಲ್ಲಿ ಹೊಳೆ ಬದಿಗೆ ಹಂಚಿನ ಕಾರ್ಖಾನೆಗಳು. ನಮ್ಮ ಅಪ್ಪ ಅಲ್ಲಿ ಆವೆಮಣ್ಣು ಹೊತ್ತು ಹೊತ್ತು, ಒಂದು ಜ್ವರಕ್ಕೆ ಹೋಗಿಬಿಟ್ಟ. ಆಮೇಲೆ ಮನೆಗೆ ಅಪ್ಪ ಅಂದ್ರೆ ನನ್ನ ಅಣ್ಣ ಶೀನಣ್ಣ. ನನಗಿಂತ ಬಹಳ ದೊಡ್ಡವ, ನಾನು ಚಡ್ಡಿ ಹಾಕುವಾಗ ಅವನಿಗೆ ಮೀಸೆ. ಅದೇ ಕಾರ್ಖಾನೆಯ ಭಟ್ಟಿಯಲ್ಲಿ ಹಂಚು ಸುಡುವ ಕೆಲಸ, ಸಂಜೆ ಆದ್ರೆ ಕೆಂಪು ಬಾವುಟದ ಯೂನಿಯನ್ನು. ಹಾಂ, ಕಮ್ಯುನಿಸ್ಟು. ಬಾಯಿ ಮೇಲೆ ಕೈ ಇಡ್ಬೇಡ, ಅದೇನು ಕಾಯಿಲೆ ಅಲ್ಲ. ನಮ್ಮ ಕೇರಿಯಲ್ಲಿ ಅರ್ಧ ಜನ ಹಾಗೇ, ಉಳಿದ ಅರ್ಧ ಜನ ಅವರಿಂದಾಗಿ ಸಂಬಳ ಜಾಸ್ತಿ ತಗೊಂಡವರು.

ಒಂದು ವರ್ಷ ಮುಷ್ಕರ ಆಯ್ತು. ಧಣಿಗಳು ಬೀಗ ಹಾಕಿದ್ರು. ಚಿಮಣಿಯಲ್ಲಿ ಹೊಗೆ ಇಲ್ಲ ಅಂದ್ರೆ ನಮ್ಮ ಒಲೆಯಲ್ಲೂ ಹೊಗೆ ಇಲ್ಲ. ರೇಷನಿನಲ್ಲಿ ಗೋಧಿ ಕೊಡ್ತಿದ್ರು, ನಮಗೆ ಕರಾವಳಿಯವರಿಗೆ ಗೋಧಿ ಎಂತ ಮಾಡುದು ಅಂತ ಗೊತ್ತಿದ್ರೆ ಅಲ್ವಾ? ನಮ್ಮ ಅಬ್ಬಿ, ಅಂದ್ರೆ ನನ್ನ ಅಮ್ಮ, ಅದನ್ನು ಅಕ್ಕಿಯ ಹಾಗೇ ಬೇಯಿಸಿ ಗಂಜಿ ಮಾಡಿದ್ಳು. ಬೆಂದದ್ದೂ ಅಲ್ಲ, ಬೇಯದ್ದೂ ಅಲ್ಲ, ನುಂಗಿದ್ರೆ ಗಂಟಲಲ್ಲಿ ಕೂತು ಊರು ನೋಡ್ತಿತ್ತು. ಅದೂ ಎಲ್ಲರಿಗೆ ಸಾಲುವಷ್ಟು ಇಲ್ಲ. ಶೀನಣ್ಣ ಮಣೆ ಹಾಕಿ ಕೂತು, ನನ್ನ ಕಡೆ ಗಲ್ಲ ತೋರಿಸಿ, ಅಬ್ಬಿ ಹತ್ರ ಹೇಳುವುದು: “ಅದ್ಕೆ ಮೊದ್ಲ್ ಬಡ್ಸ್.” ನಮ್ಮ ಕಡೆ ಹಾಗೇ, ಸಣ್ಣ ಮಕ್ಕಳಿಗೆ ‘ಅದು’ ಅನ್ನುದು. ಅದು ಉಂಡ್ತಾ, ಅದು ಮಲಗ್ತಾ. ಅವ, ಇವ ಅಂತ ಆಗುದು ಮೀಸೆ ಬಂದ ಮೇಲೆ. ನನಗೆ ಮೀಸೆ ಬಂದ ಮೇಲೂ ಶೀನಣ್ಣನಿಗೆ ನಾನು ‘ಅದು’ವೇ. ಅದಕ್ಕೆ ಮೊದಲು ಬಡಿಸಿ, ತಾನು ತಿಳಿ ಕುಡಿದು ಮೀಟಿಂಗಿಗೆ ಹೋಗುವುದು.

ಹಾಗಿರುವಾಗ ಪಕ್ಕದ ಊರಿನವನೊಬ್ಬ ಬೊಂಬಾಯಿಯಿಂದ ಬಂದು, ಮಸ್ಕತ್ತಿನಲ್ಲಿ ಹೋಟೆಲ್ ಕೆಲಸ ಉಂಟು, ಅಡಿಗೆ ಬರ್ತದಾ ಅಂತ ಕೇಳಿದ. ಬರ್ತದೆ ಅಂದೆ. ನನಗೆ ಬರ್ತಿದ್ದದ್ದು ಗೋಧಿ ಗಂಜಿ ಮಾತ್ರ, ಅದೂ ನೋಡಿ ಗೊತ್ತಿದ್ದದ್ದು. ಶೀನಣ್ಣ ನನ್ನ ಟ್ರಂಕು ಹೊತ್ತು ಬಸ್ಸಿನವರೆಗೆ ಬಂದ. “ಹೋಯ್ ಬಾ. ಯಾರ್ ಕಾಲಿಗೂ ಬೀಳ್ಬೇಡ,” ಅಂದ. ಅಷ್ಟೇ. ಬಸ್ಸು ತಿರುಗುವವರೆಗೂ ನಿಂತೇ ಇದ್ದ. ಆಮೇಲೆ ಎಂತ ಆಯ್ತು? ಬೊಂಬಾಯಿ, ಅಲ್ಲಿಂದ ಮಸ್ಕತ್ತು, ಅಲ್ಲಿಂದ ಒಂದು ಸೈನ್ಯದ ಸಾಮಾನಿನ ವಿಮಾನದಲ್ಲಿ ಈರುಳ್ಳಿ ಮೂಟೆಯ ಮೇಲೆ ಕೂತು ಸಲಾಲಕ್ಕೆ. ಪೈಲಟ್ ನನ್ನನ್ನೇ ಕೇಳಿದ, ಎಡಕ್ಕೆ ತಿರುಗ್ಬೇಕಾ ಬಲಕ್ಕಾ ಅಂತ. ಸರಿ, ಕೇಳ್ಲಿಲ್ಲ, ಆದ್ರೆ ಹಿಂದೆ ತಿರುಗಿ ನೋಡಿದ್ದು ನಿಜ. ಇಳಿದು ನೋಡ್ತೇನೆ, ಗುಡ್ಡದ ಬುಡ, ಸುತ್ತ ಕಲ್ಲು ಪೇರಿಸಿದ ಗೋಡೆ, ಮುಳ್ಳುತಂತಿ, ಟೆಂಟು, ಫಿರಂಗಿ. ಅಡಿಗೆ ಟೆಂಟಿನ ಎದುರು ಒಬ್ಬ ಧಡೂತಿ ಮನುಷ್ಯ ಬನಿಯನ್ನಿನಲ್ಲಿ ಬೇಳೆ ಆರಿಸ್ತಾ ಕೂತಿದ್ದ. ಬಾಯಲ್ಲಿ ಕನ್ನಡ! ನನಗೆ ದೇವರೇ ಸಿಕ್ಕಿದ ಹಾಗಾಯ್ತು. ರಂಗಪ್ಪ ಅಂತ ಹೆಸರು, ಮಂಡ್ಯ ಕಡೆಯವ, ಹೆಡ್ ಕುಕ್ಕು. “ಹೋಟೆಲು ಎಲ್ಲಿ?” ಅಂತ ಕೇಳಿದೆ. ಅವ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಓಟ್ಲಾ? ಇದೇ ಕಣ್ಲಾ ಓಟ್ಲು. ಗಿರಾಕಿಗೋಳು ಕೋವಿ ಹಿಡ್ಕಂಡು ಬತ್ತಾರೆ, ಅಷ್ಟೇಯ. ಬಾ, ಈರುಳ್ಳಿ ಸುಲಿ,” ಅಂದ.

ಅದು ಎಂತ ಯುದ್ಧ ಅಂತ ನನಗೆ ಗೊತ್ತೇ ಇರ್ಲಿಲ್ಲ. ಸಲಾಲದ ಹಿಂದಿನ ಧೋಫಾರಿನ ಗುಡ್ಡದ ಜನಕ್ಕೆ ಅಲ್ಲಿಯವರೆಗೆ ರಸ್ತೆ ಇಲ್ಲ, ಶಾಲೆ ಇಲ್ಲ, ಡಾಕ್ಟ್ರು ಇಲ್ಲ. ಅವರು ತಿರುಗಿಬಿದ್ರು. ಗಡಿ ಆಚೆಯಿಂದ ಕೆಂಪು ಬಾವುಟ ಬಂತು, ಪುಸ್ತಕ ಬಂತು, ಬಂದೂಕು ಬಂತು. ಕೆಳಗೆ ಸುಲ್ತಾನರ ಸೈನ್ಯ, ಅದಕ್ಕೆ ಬ್ರಿಟಿಷ್ ಆಫೀಸರುಗಳು, ಬಲೂಚಿ ಸಿಪಾಯಿಗಳು. ನಮ್ಮ ಕ್ಯಾಂಪಿನ ಕ್ಯಾಪ್ಟನ್ ಬಿಸಿಲಿಗೆ ಬೆಂದು ಬೆಂದು ಕೆಂಪಾಗಿದ್ದ, ನಾವು ಅವನಿಗೆ ಸೀಗಡಿ ಸಾಯ್ಬ ಅಂತ ಹೆಸರಿಟ್ಟಿದ್ದೆವು. ಪಾಪ, ಕೆಟ್ಟವನಲ್ಲ. ಒಮ್ಮೆ ಚಾ ಕುಡೀತಾ ಅವನೇ ಹೇಳಿದ, “ನಾನು ಎಲ್ಲಿದ್ದೇನೆ ಅಂತ ನನ್ನ ಅಮ್ಮ ಪಕ್ಕದ ಮನೆಯವರಿಗೆ ಹೇಳೋದಿಲ್ಲ, ಮಂಜು. ನಮ್ಮೂರಲ್ಲಿ ಈ ಯುದ್ಧ ಅರ್ಧ ಜನಕ್ಕೆ ಗೊತ್ತಿಲ್ಲ, ಗೊತ್ತಿದ್ದವರಿಗೆ ಬೇಡ.” ನಾನು ಹೇಳಿದೆ, “ನಾನೂ ನನ್ನ ಅಮ್ಮನಿಗೆ ಹೋಟೆಲು ಅಂತಲೇ ಹೇಳಿದ್ದೇನೆ, ಸಾರ್.” ಇಬ್ಬರೂ ನಕ್ಕೆವು. ಅವನಿಗೆ ಒಂದು ಬಿಸ್ಕಿಟು ಜಾಸ್ತಿ ಕೊಟ್ಟೆ.

ಈಗ ಆ ಶಬ್ದಕ್ಕೆ ಬರ್ತೇನೆ. ಗುಡ್ಡದ ಮೇಲಿದ್ದವರಿಗೆ ಕ್ಯಾಂಪಿನಲ್ಲಿ ಎಲ್ಲರೂ, ಗೋರನೂ, ಅಂದ್ರೆ ಬಿಳಿಯನೂ ಸಹ, ‘ಅದೂ’ ಅಂತಲೇ ಹೇಳುದು. ಅದೂ ಅಲ್ಲಿದೆ, ಅದೂ ಇಲ್ಲಿದೆ. ನಾನು ಮೊದಲ ವಾರ ಏನು ಅಂದುಕೊಂಡೆ ಗೊತ್ತುಂಟಾ? ಗೋರರೆಲ್ಲ ಕನ್ನಡ ಕಲಿತಿದ್ದಾರೆ ಅಂತ! ನಮ್ಮೂರಲ್ಲಾದ್ರೆ ‘ಅದ್’ ಅಂತ ಬಾಯಿ ಕಚ್ಚಿ ನಿಲ್ಲಿಸ್ತೇವೆ. ರಂಗಪ್ಪ ಹಾಗಲ್ಲ, ‘ಅದೂ…’ ಅಂತ ಎತ್ತಿನಗಾಡಿಯ ಹಾಗೆ ಎಳೀತಾನೆ. ಆ ಎಳೆತದಲ್ಲೇ ಎಲ್ಲ ಆದದ್ದು. ಅಲ್ಲಿಗೆ ಆಡು ತರ್ತಿದ್ದವ ಸಾಲಿಂ ಅಂತ ಒಬ್ಬ ಗುಡ್ಡದವ, ನಡು ವಯಸ್ಸು, ನೀಲಿ ಬಟ್ಟೆ, ಗುಂಗುರು ಕೂದಲು, ಮಾತು ಕಡಿಮೆ. ಯುದ್ಧ ಅಂತ ಹೇಳಿ ದನಕರು ಬಿಟ್ಟು ಕೆಳಗೆ ಬಂದು ಉಳಿದವ. ನನ್ನ ಚಾ ಅವನಿಗೆ ಬಹಳ ಇಷ್ಟ, ಕುಡಿದು ಗ್ಲಾಸು ಅಲ್ಲಾಡಿಸಿ ಕೊಡ್ತಿದ್ದ, ಸಾಕು ಅಂತ ಅರ್ಥ. ಅವತ್ತು ಮಧ್ಯಾಹ್ನ ಅವನ ಒಂದು ಆಡು ಹಗ್ಗ ಬಿಚ್ಚಿಕೊಂಡು ಹಿಂದಿನಿಂದ ಹಿಟ್ಟಿನ ಟೆಂಟಿಗೆ ನುಗ್ಗಿತು. ನಾನು ಹೊರಗೆ ಈರುಳ್ಳಿ ಹೆಚ್ಚುತ್ತಾ ಇದ್ದೇನೆ. ರಂಗಪ್ಪ ಒಳಗಿಂದ ಬೊಬ್ಬೆ:

“ಲೋ ಮಂಜಾ! ಅದೂ ಬಂತು ಕಣ್ಲಾ! ಅದೂ!”

“ಎಲ್ಲಿ ಮಾರಾಯ್ರೇ?”

“ಇಂದ್ಗಡೆಯಿಂದ ಬಂತು ಅದೂ! ಒಳಿಕ್ಕೇ ನುಗ್ಬುಡ್ತು! ಅದೂ! ಅದೂ!”

ಪಕ್ಕದ್ದೇ ರೇಡಿಯೊ ಟೆಂಟು. ಅಲ್ಲಿದ್ದ ಗೋರ ಹೆಡ್‌ಫೋನು ಕಿತ್ತೆಸೆದು “ಅದೂ!” ಅಂತ ಕಿರುಚಿದ. ಅವನ ಹಿಂದೆ ಬಲೂಚಿಗಳು “ಅದೂ! ಅದೂ!” ಕ್ಯಾಂಪಿಗೆ ಕ್ಯಾಂಪೇ ಕಲ್ಲಿನ ಗೋಡೆ ಹಿಂದೆ ಬಿತ್ತು. ಸ್ನಾನ ಮಾಡ್ತಿದ್ದ ಸೀಗಡಿ ಸಾಯ್ಬ ಟವೆಲಿನಲ್ಲಿ ಪಿಸ್ತೂಲು ಹಿಡಿದು ಓಡಿಬಂದ. ಟವೆಲು ಇತ್ತಾ ಅಂತ ಈಗ ಸರಿಯಾಗಿ ನೆನಪಿಲ್ಲ. ಫಿರಂಗಿಯವ ಎದುರಿನ ಗುಡ್ಡಕ್ಕೆ ಗುಂಡು ಹಾರಿಸಿಯೇಬಿಟ್ಟ. ಢಂ! ನಾನು ಈರುಳ್ಳಿ ಬುಟ್ಟಿಯ ಒಳಗೆ. ಆಗ ರಂಗಪ್ಪ ಹಿಟ್ಟಿನ ಟೆಂಟಿನಿಂದ ಹೊರಗೆ ಬರ್ತಾನೆ, ಕೈಯಲ್ಲಿ ಆಡಿನ ಕಿವಿ, ಆಡಿನ ಮುಖಕ್ಕೆಲ್ಲ ಮೈದಾ, ಪೌಡರು ಹಚ್ಚಿದ ಮದುಮಗಳ ಹಾಗೆ. “ಸಿಕ್ತು ಕಣ್ಲಾ ಅದೂ!” ಅಂದ ಹೆಮ್ಮೆಯಲ್ಲಿ. ಕ್ಯಾಂಪಿನ ಎಲ್ಲ ಕೋವಿಗಳೂ ರಂಗಪ್ಪನ ಹೊಟ್ಟೆಗೆ ತಿರುಗಿದ್ವು. ಎಂತ? ಹೋದ ಸಲ ಒಂಟೆ ಅಂದಿದ್ನಾ? ಒಂಟೆ ಟೆಂಟಿನೊಳಗೆ ಹೇಗೆ ಹಿಡೀತದೆ, ನೀನೇ ಹೇಳು. ಆಡು. ಬರೆದಿಟ್ಕೋ, ಆಡು.

ಆಮೇಲೆ ವಿಚಾರಣೆ. ಸೀಗಡಿ ಸಾಯ್ಬನಿಗೆ ಇಂಗ್ಲಿಷಿನಲ್ಲಿ ವಿವರಿಸುವ ಕೆಲಸ ನನ್ನದು. ನನ್ನ ಇಂಗ್ಲಿಷು ನಿನ್ನ ಕನ್ನಡದ ಹಾಗೇ ಇತ್ತು. “ಸಾರ್, ನಮ್ಮ ಭಾಷೆಯಲ್ಲಿ ಅದು ಅಂದ್ರೆ ಆ ವಸ್ತು.”

“ಯಾವ ವಸ್ತು?”

“ಯಾವ ವಸ್ತುವೂ ಸಾರ್. ಪಾತ್ರೆ ಅದು. ಬೇಳೆ ಅದು. ನಿಮ್ಮ ಟೊಪ್ಪಿ ಅದು.”

“ಅಂದ್ರೆ ನಿಮ್ಮ ಭಾಷೆಯಲ್ಲಿ ಪ್ರಪಂಚದಲ್ಲಿ ಇರುವುದೆಲ್ಲ ಶತ್ರು?”

“ಹೌದು ಸಾರ್. ಅಲ್ಲ ಸಾರ್.”

ಅವನು ತಲೆ ಹಿಡಿದುಕೊಂಡ. ತೀರ್ಪು ಏನು ಅಂದ್ರೆ, ಇವತ್ತಿನಿಂದ ಅಡಿಗೆಮನೆಯಲ್ಲಿ ಆ ಶಬ್ದ ನಿಷೇಧ. ಬಾಯಿಗೆ ಬಂದ್ರೆ ಮಸ್ಕತ್ತಿಗೆ ವಾಪಸ್, ಖಲಾಸ್. ಹೇಳ್ಲಿಕ್ಕೆ ಸುಲಭ. ಕನ್ನಡದವರಿಬ್ಬರು ಅಡಿಗೆಮನೆಯಲ್ಲಿ ‘ಅದು’ ಅನ್ನದೆ ಎಂತ ಮಾತಾಡುದು, ನೀನು ಒಂದು ಗಂಟೆ ಪ್ರಯತ್ನ ಮಾಡಿ ನೋಡು. ಕಡೆಗೆ ರಂಗಪ್ಪನೇ ಉಪಾಯ ತೆಗೆದ. ಎಲ್ಲ ಪಾತ್ರೆಯನ್ನೂ ಮನುಷ್ಯರು ಮಾಡಿದ. ಸೌಟು ಅವನು, ಬಾಣಲೆ ಅವಳು, ದೊಡ್ಡ ಅನ್ನದ ಹಂಡೆಗೆ ಮರ್ಯಾದೆ, ಅವರು. “ಮಂಜಾ, ಅವರು ತುಂಬ ಕಾದವ್ರೆ, ಕೆಳಿಕ್ಕಿಳ್ಸು. ಅವಳ್ಗೆ ಎಣ್ಣೆ ಆಕು. ಅವನೆಲ್ಲಿ ಸತ್ತ, ಈಗ ಇಲ್ಲೇ ಇದ್ನಲ್ಲ?” ಸೌಟು ಸಾಂಬಾರಿನಲ್ಲಿ ಮುಳುಗಿರ್ತಿತ್ತು. ಬರಬರ್ತಾ ನಮಗೆ ಅದೇ ಅಭ್ಯಾಸ ಆಯ್ತು. ಒಂದು ವರ್ಷ, ಹತ್ತಿರ ಹತ್ತಿರ ಒಂದು ವರ್ಷ, ನನ್ನ ಬಾಯಿಂದ ಆ ಶಬ್ದ ಬರ್ಲಿಲ್ಲ, ನನ್ನ ಕಿವಿಗೆ ಬಿದ್ರೆ ಮೈ ತಾನೇ ನೆಲಕ್ಕೆ ಬೀಳ್ತಿತ್ತು.

ಆದ್ರೆ ನಗುವ ಕಥೆ ಅಲ್ಲಿಗೇ ನಿಲ್ಲಿಸ್ಬೇಕಿತ್ತು, ನಿಲ್ಲಿಸ್ಲಿಕ್ಕೆ ಆಗುದಿಲ್ಲ. ಅವತ್ತೇ, ಎಲ್ಲ ಮುಗಿದು ಎಲ್ಲರೂ ನಗ್ತಾ ಇರುವಾಗ, ಸಾಲಿಂ ಒಬ್ಬನೇ ಗುಡ್ಡ ನೋಡ್ತಾ ನಿಂತಿದ್ದ. ಗುಂಡು ಬಿದ್ದಲ್ಲಿ ಸ್ವಲ್ಪ ಹೊಗೆ. ನಾನು ಚಾ ತಗೊಂಡು ಹೋದೆ, “ಸಾಲಿಂ, ನಿನ್ನ ಆಡು ಯುದ್ಧ ಗೆದ್ದಿತು” ಅಂತ ತಮಾಷೆ ಮಾಡಿದೆ, ಅರಬ್ಬಿ ಹಿಂದಿ ಕೈ ಕಾಲು ಎಲ್ಲ ಸೇರಿಸಿ. ಅವ ಹೊಗೆ ಕಡೆ ಬೆರಳು ತೋರಿಸಿ, “ಅಖೂಯ್” ಅಂದ. ನನ್ನ ತಮ್ಮ ಅಂತ. ಸೈನ್ಯದವರು ‘ಅದೂ’ ಅನ್ನುವವರಲ್ಲಿ ಇವನ ತಮ್ಮ ಒಬ್ಬ, ಬಖೀತ್ ಅಂತ ಹೆಸರು. ಒಂದೇ ತಾಯಿ. ಒಬ್ಬ ಮೇಲೆ, ಒಬ್ಬ ಕೆಳಗೆ. ಬಖೀತ್ ಪಾರ್ಟಿಗೆ ಸೇರಿದ ದಿನ ಇಬ್ಬರಿಗೂ ಮಾತು ನಿಂತದ್ದಂತೆ. ಸಾಲಿಂ ಚಾ ಮುಟ್ಟಲಿಲ್ಲ. ಆಡಿನ ಮುಖದ ಮೈದಾ ತನ್ನ ಬಟ್ಟೆಯಲ್ಲೇ ಒರೆಸಿದ, ಹಗ್ಗ ಹಿಡಿದ, ಹೋದ. ಆಮೇಲೆ ಬಹಳ ದಿನ ಬರ್ಲಿಲ್ಲ. ನಾವು ಪಾತ್ರೆಗಳನ್ನು ಅವನು ಅವಳು ಅಂತ ಕರೀತಾ ಇದ್ದೆವು, ಗುಡ್ಡದ ಮೇಲಿದ್ದ ಮನುಷ್ಯನನ್ನು ಮಾತ್ರ… ಇರ್ಲಿ. ವಿಮಾನ ಬಂತು, ನಿಲ್ಲು.

ಹಾಂ. ಆಮೇಲೆ ನನಗೆ ರಜೆ ಸಿಕ್ಕಿತು. ಊರಿಗೆ ಹೋದೆ. ಬಿಸ್ಕಿಟು, ಟಾರ್ಚು, ಅಬ್ಬಿಗೆ ಸೀರೆ, ಶೀನಣ್ಣನಿಗೆ ಒಂದು ಒಳ್ಳೆ ರೇಡಿಯೊ. ಅಂಗಳಕ್ಕೆ ಕಾಲಿಟ್ಟೆ ಅಷ್ಟೇ, ಜಗಲಿಯಲ್ಲಿ ಕೂತ ಶೀನಣ್ಣ ಮುಖ ಎತ್ತದೆ, ಒಳಗಿದ್ದ ಅಬ್ಬಿಗೆ ಕೇಳುವ ಹಾಗೆ ಹೇಳಿದ: “ಅದ್ ಎಂತಕ್ ಬಂತ್?”

ನಾನು ಅಂಗಳದಲ್ಲಿ ಅಡ್ಡ ಬಿದ್ದೆ! ಟ್ರಂಕಿನ ಹಿಂದೆ, ತಲೆ ಮೇಲೆ ಕೈ. ಅಕ್ಕಪಕ್ಕದ ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು, ಮಂಜ ಅರಬಸ್ತಾನದಲ್ಲಿ ಒಳ್ಳೆ ಆಟ ಕಲಿತು ಬಂದ ಅಂತ. ಶೀನಣ್ಣ ನಗಲಿಲ್ಲ. ಎದ್ದು ಅಂಗಿ ಹಾಕಿಕೊಂಡು ಹೊರಟೇ ಹೋದ. ವಿಷಯ ಏನಾಗಿತ್ತು ಅಂದ್ರೆ, ಅಬ್ಬಿ ಆಮೇಲೆ ಹೇಳಿದ್ದು, ಯೂನಿಯನ್ನಿನ ಆಫೀಸಿನಲ್ಲಿ ಹೊರ ಊರಿನ ಒಬ್ಬ ಭಾಷಣ ಮಾಡಿದ್ನಂತೆ. ಗೋಡೆಗೆ ನಕ್ಷೆ ತೂಗುಹಾಕಿ, ಇಲ್ಲಿ ವಿಯೆಟ್ನಾಂ, ಇಲ್ಲಿ ಧೋಫಾರು, ಇಲ್ಲಿ ಸಲಾಲ, ನಮ್ಮಂಥವರದ್ದೇ ಮಕ್ಕಳನ್ನು ಬ್ರಿಟಿಷರು ಗುಡ್ಡದಲ್ಲಿ ಹೊಡೀತಾ ಇದ್ದಾರೆ ಅಂತ. ಎಲ್ಲರೂ ಧಿಕ್ಕಾರ ಅಂದ್ರು. ಶೀನಣ್ಣನೂ ಕೈ ಎತ್ತಿದವ ಅರ್ಧಕ್ಕೇ ಇಳಿಸಿದ. ನನ್ನ ಕಾಗದದ ಮೇಲಿನ ವಿಳಾಸದಿಂದಾಗಿ ತಮ್ಮ ಇರುವುದು ಸಲಾಲದಲ್ಲಿ ಅಂತ ಅವನಿಗೆ ಮಾತ್ರ ಅಲ್ಲ, ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ಮುಷ್ಕರದಲ್ಲಿ ಉಪವಾಸ ಬಿದ್ದು ಗೌರವ ಉಳಿಸಿಕೊಂಡ ಮನುಷ್ಯ. ಯಾರೋ ಹಿಂದಿನಿಂದ, “ಶೀನ, ನಿನ್ನ ತಮ್ಮ ಅಲ್ಲಿ ಯಾರಿಗೆ ಚಪಾತಿ ಸುಡ್ತಾನೆ?” ಅಂದನಂತೆ. ಅಷ್ಟೇ. ಅವ ಎದ್ದು ಬಂದ.

ರಜೆ ಮುಗಿಯುವವರೆಗೆ ಶೀನಣ್ಣ ಮನೆಯಲ್ಲಿ ಉಣ್ಣಲಿಲ್ಲ. “ಅದ್ ಉಂಬಲ್ಲಿ ನಾ ಉಂಬುದಿಲ್ಲ,” ಅಬ್ಬಿಗೆ ಹೇಳಿಬಿಟ್ಟ. ಯೂನಿಯನ್ ಆಫೀಸಿನಲ್ಲಿ ಅವಲಕ್ಕಿ ತಿಂದು ಅಲ್ಲೇ ಮಲಗಿದ. ನಾನು ತಮಾಷೆ ಮಾಡಿ ನೋಡಿದೆ, ಮೀಸೆ ಬೋಳಿಸಿ ಎದುರು ನಿಂತು ನೋಡಿದೆ, ಅವನ ಸೈಕಲ್ಲಿಗೆ ಕೆಂಪು ರಿಬ್ಬನ್ನು ಕಟ್ಟಿ ನೋಡಿದೆ. ರಿಬ್ಬನ್ನು ಬಿಚ್ಚಿ ನನ್ನ ಚಪ್ಪಲಿಯ ಮೇಲೆ ಇಟ್ಟು ಹೋದ. ಅದೇ ಶಬ್ದ, ನೋಡು. ಸಣ್ಣವನಿದ್ದಾಗ ಯಾವ ಶಬ್ದಕ್ಕೆ ನನಗೆ ಮೊದಲು ಗಂಜಿ ಬರ್ತಿತ್ತೋ ಅದೇ ಶಬ್ದ. ಈಗ ಅವ ಅದನ್ನು ಕನ್ನಡದಲ್ಲಿ ಹೇಳ್ತಾನೋ ಅರಬ್ಬಿಯಲ್ಲಿ ಹೇಳ್ತಾನೋ ನನಗೇ ಗೊತ್ತಾಗ್ಲಿಲ್ಲ. ಹೊರಡುವ ದಿನ ಟ್ರಂಕು ನಾನೇ ಹೊತ್ತೆ. ಬಸ್ಸು ತಿರುಗುವಲ್ಲಿ ಹಿಂದೆ ನೋಡಿದೆ. ಯಾರೂ ಇರ್ಲಿಲ್ಲ. ಸರಿ, ಒಂದು ನಾಯಿ ಇತ್ತು.

ಸಲಾಲಕ್ಕೆ ಮುಟ್ಟಿದಾಗ ಮಂಜಿನ ಕಾಲ, ಗುಡ್ಡವೆಲ್ಲ ಹಸಿರು. ನಾನು ಮಾತಾಡದ್ದು ನೋಡಿ ರಂಗಪ್ಪನಿಗೇ ಹೆದರಿಕೆ. “ಏನ್ಲಾ ಆಯ್ತು? ಮಾತಾಡ್ಲಾ. ಅವರು ಹಸಿದವ್ರೆ, ನೀರ್ ಆಕು,” ಅಂತ ಹಂಡೆ ತೋರಿಸ್ತಾನೆ. ನನಗೆ ನಗು ಬರ್ಲಿಲ್ಲ. ನಾಕು ದಿನ ಆಯ್ತೋ ಎಂಟು ದಿನ ಆಯ್ತೋ, ಒಂದು ಬೆಳಿಗ್ಗೆ ಗೇಟಿನಲ್ಲಿ ಗಲಾಟೆ. ಗುಡ್ಡದಿಂದ ಇಳಿದು ಬಂದು ಬಂದೂಕು ಒಪ್ಪಿಸಿದ್ರೆ ಕ್ಷಮೆ ಅಂತ ಸರಕಾರ ಸಾರಿತ್ತು, ಹಾಗೆ ಒಬ್ಬ ಬಂದಿದ್ದಾನೆ. ಬಖೀತ್. ಸಾಲಿಮನ ತಮ್ಮ. ಎಲುಬು, ಮೇಲೆ ಚರ್ಮ, ಕಾಲಿಗೆ ಬಟ್ಟೆ ಸುತ್ತಿದ್ದ. ಸೀಗಡಿ ಸಾಯ್ಬ ಬಂದೂಕು ಇಸ್ಕೊಂಡು, “ಮಂಜು, ಮೊದಲು ಏನಾದ್ರೂ ತಿನ್ಲಿಕ್ಕೆ ಕೊಡು, ಪ್ರಶ್ನೆ ಆಮೇಲೆ,” ಅಂದ. ರಂಗಪ್ಪ ಮಾಂಸ ತೆಗೆದ. ನಾನು ತಡೆದೆ. ಅಷ್ಟು ಹಸಿದ ಹೊಟ್ಟೆಗೆ ಮಾಂಸ ಕೊಟ್ರೆ ತಡೀಲಿಕ್ಕಿಲ್ಲ, ಮುಷ್ಕರದ ಮನೆಯಲ್ಲಿ ಬೆಳೆದವನಿಗೆ ಅದೊಂದು ಗೊತ್ತು. ಗಂಜಿ ಬೇಯಿಸಿದೆ, ತೆಳು, ಉಪ್ಪು ಹಾಕಿ. ಒಣಮೀನು ಕೆಂಡದಲ್ಲಿ ಸುಟ್ಟೆ.

ಅಷ್ಟರಲ್ಲಿ ಸಾಲಿಮನಿಗೆ ಸುದ್ದಿ ಹೋಗಿ ಓಡಿಬಂದಿದ್ದ. ಓಡಿಬಂದವ ಟೆಂಟಿನ ಬಾಗಿಲಲ್ಲಿ ನಿಂತೇಬಿಟ್ಟ. ತಮ್ಮ ಒಳಗೆ ನೆಲ ನೋಡ್ತಾ ಕೂತಿದ್ದಾನೆ, ಎದುರಿಗೆ ಗಂಜಿ ಬಟ್ಟಲು, ಮುಟ್ಟುವುದಿಲ್ಲ. ಅಣ್ಣ ಬೆನ್ನು ಹಾಕಿ ಹೊರಗೆ ನೋಡ್ತಾನೆ. ಗಂಜಿ ತಣಿಯಲಿಕ್ಕೆ ಶುರುವಾಯ್ತು, ಮೇಲೆ ಕೆನೆ ಕಟ್ಟಿತು. ನಾನು ಸೌಟು ಹಿಡ್ಕೊಂಡು ನಿಂತಿದ್ದೇನೆ. ಕಡೆಗೆ ಸಾಲಿಂ ಸರ್ರಂತ ತಿರುಗಿದ. ಆ ಗಡ್ಡದ ಮುಖ ಎಲ್ಲ ಒದ್ದೆ. ದೊಡ್ಡ ಸ್ವರದಲ್ಲಿ ಬೈದ, “ಯಲ್ಲಾ, ಕುಲ್, ಯಾ ಅದೂ!” ತಿನ್ನೋ, ಶತ್ರುವೇ, ಅಂತ. ಬೈದವನೇ ಮುಂದೆ ಬಂದು ಬಟ್ಟಲು ಎತ್ತಿ ತಮ್ಮನ ಬಾಯಿಗೇ ಹಿಡಿದ. ಬಖೀತ್ ಅಳ್ತಾ ಕುಡಿದ, ಕುಡೀತಾ ನಕ್ಕ, ಮೂಗಲ್ಲಿ ಗಂಜಿ ಹೋಗಿ ಕೆಮ್ಮಿದ. ರಂಗಪ್ಪ ನನ್ನ ಪಕ್ಕೆ ತಿವಿದು, “ಆ ಸಬ್ದ ಅಂದ್ಬುಟ್ಟ ಕಣ್ಲಾ, ಸಾಯ್ಬ ಅಲ್ಲೇ ನಿಂತವ್ನೆ!” ಅಂತ ಪಿಸುಗುಟ್ಟಿದ. ಸೀಗಡಿ ಸಾಯ್ಬ ಕೇಳಿಸಿಕೊಂಡಿದ್ದ. ಟೊಪ್ಪಿ ಸರಿ ಮಾಡ್ಕೊಂಡು, ಕೇಳದವನ ಹಾಗೆ ಹೊರಗೆ ಹೋದ. ಆಮೇಲೆ ನಾನು ಸಾಲಿಮನ ಹತ್ರ ಹೇಳಿಸಿದೆ ಬಖೀತನಿಗೆ, ನನ್ನ ಅಣ್ಣನೂ ನಿಮ್ಮ ಬಾವುಟದವನೇ, ನಮ್ಮೂರಲ್ಲಿ, ಅಂತ. ಬಖೀತ್ ಬಾಯಿ ತುಂಬ ಮೀನು ಇಟ್ಕೊಂಡು ತಲೆ ಎತ್ತಿ ಎಂತದೋ ಹೇಳಿದ. ಮುಂದಿನ ಸಲ ನಾನು ಊರಿಗೆ ಹೊರಟಾಗ ಸಾಲಿಂ ಒಂದು ಬಟ್ಟೆಯ ಗಂಟು ಕೊಟ್ಟ, ಅವರ ಗುಡ್ಡದ ಲುಬಾನ್, ನಮ್ಮ ಧೂಪದ ಹಾಗೆ.

ಊರಿನಲ್ಲಿ ಮತ್ತೆ ಅದೇ. ಶೀನಣ್ಣ ಜಗಲಿಯಲ್ಲಿ ಅಂಗಿ ಹಾಕಿಕೊಳ್ತಾ ಇದ್ದಾನೆ, ಹೊರಟುಹೋಗ್ಲಿಕ್ಕೆ. ನನ್ನ ಹತ್ರ ಮಾತಾಡುದಿಲ್ಲ, ಸರಿ, ಹೊಗೆ ಹತ್ರ ಮಾತಾಡದೆ ಇರ್ತಾನಾ ನೋಡುವ ಅಂತ ನಾನು ಗೆರಟೆಯಲ್ಲಿ ಕೆಂಡ ಇಟ್ಟು ಎರಡು ಚೂರು ಲುಬಾನ್ ಹಾಕಿದೆ. ಮನೆಯೆಲ್ಲ ತುಂಬಿತು. ಅವನ ಮೂಗು ಎರಡು ಸಲ ಆಡಿತು.

“ಅಬ್ಬೀ, ಇದೆಂತ ವಾಸ್ನಿ?” ಅಂತ ಒಳಗೆ ಕೇಳಿದ.

ನಾನೂ ಅಬ್ಬಿಗೇ ಹೇಳಿದೆ, ಅವನಿಗಲ್ಲ. “ಅಬ್ಬೀ, ಆ ಗುಡ್ಡದ್ದು. ಅಲ್ಲಿಂದ ಒಬ್ಬ ಇಳಿದು ಬಂದಿದ್ದ. ಕೆಂಪು ಬಾವುಟದವ. ಅವನ ಅಣ್ಣ ಕೊಟ್ಟದ್ದು.” ಹೀಗೆ ಎಲ್ಲ ಹೇಳಿದೆ, ಅಣ್ಣ ಬೆನ್ನು ಹಾಕಿ ನಿಂತದ್ದು, ಗಂಜಿ ತಣಿದದ್ದು, ಎಲ್ಲ. “ಅವ ಶೀನಣ್ಣನಿಗೆ ಸಲಾಂ ಹೇಳಿದ್ದಾನೆ, ಸಂಗಾತಿಗೆ ಸಲಾಂ ಅಂತ.” ಅಂಗಿಯ ಗುಂಡಿ ಹಾಕ್ತಿದ್ದ ಕೈ ನಿಂತಿತು. ಆಮೇಲೆ, ಗೋಡೆ ನೋಡ್ತಾ:

“ಅವ ಎಂತ ಉಂಡ?”

“ಗಂಜಿ. ಒಣಮೀನು.”

“ಮೀನ್ ಸುಟ್ಟದ್ದಾ, ಹುರ್ದದ್ದಾ?”

“ಸುಟ್ಟದ್ದು.”

“ಮತ್ತೆ ಹಾಕ್ಸ್ಕಂಡ್ನಾ?”

“ಹಂಡೆ ಖಾಲಿ ಮಾಡಿದ.”

ಅವ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಹಿತ್ತಲಿಗೆ ಹೋಗಿ ಕೈಕಾಲು ತೊಳೆದು ಬಂದ. ಮಣೆ ಹಾಕಿದ, ಒಂದು ತನಗೆ, ಪಕ್ಕದಲ್ಲಿ ಇನ್ನೊಂದು. ಕೂತ. ಅಬ್ಬಿ ಅನ್ನದ ಪಾತ್ರೆ ತಂದು ಮೊದಲು ಅವನ ಬಟ್ಟಲಿಗೆ ಬಗ್ಗಿದ್ಳು. ಅವ ಬಟ್ಟಲ ಮೇಲೆ ಕೈ ಅಡ್ಡ ಹಿಡಿದ. ಗಲ್ಲ ನನ್ನ ಕಡೆ ತೋರಿಸಿದ.

“ಅದ್ಕೆ ಮೊದ್ಲ್ ಬಡ್ಸ್.”

ನನಗೆ ಕಣ್ಣಲ್ಲಿ ನೀರು ಬಂತು ಅಂತ ನಿನ್ನ ಅಜ್ಜಿ ಊರಿಗೆಲ್ಲ ಹೇಳ್ತಿದ್ಳು, ಅವಳು ಆಗ ಮದುವೆಯಾಗಿ ಬಂದೇ ಇರ್ಲಿಲ್ಲ, ಅವಳಿಗೆ ಹೇಗೆ ಗೊತ್ತು? ಗೊಜ್ಜು ಖಾರ ಇತ್ತು. ಅಷ್ಟೇ. ಶೀನಣ್ಣ ಏನೂ ಬದಲಾದ ಅಂತ ತಿಳ್ಕೊಳ್ಬೇಡ. ಆ ಯುದ್ಧ ತಪ್ಪು, ನಿನ್ನ ಗೋರರು ತಪ್ಪು, ನೀನು ಅಲ್ಲಿ ಹೋದದ್ದೂ ತಪ್ಪು ಅಂತ ಸಾಯುವವರೆಗೂ ಹೇಳಿದ, ನಾನು ರಜೆಗೆ ಹೋದಾಗಲೆಲ್ಲ ಊಟದ ಮಧ್ಯೆ ಅದೇ ಭಾಷಣ. ಆದ್ರೆ ಊಟದ ಮಧ್ಯೆ, ಗೊತ್ತಾಯ್ತಾ? ಮನೆಯಲ್ಲಿ, ಪಕ್ಕದ ಮಣೆಯಲ್ಲಿ. ಬಾಯಲ್ಲಿ ಅನ್ನ ಇಟ್ಕೊಂಡೇ ನನಗೆ ಧಿಕ್ಕಾರ ಹೇಳ್ತಿದ್ದ.

ಎಂತ? ಬಖೀತ್ ನಿಜವಾಗಿ ಸಲಾಂ ಹೇಳಿದ್ನಾ ಅಂತಲಾ? ಒಳ್ಳೆ ಪ್ರಶ್ನೆ. ಶೀನಣ್ಣನೂ ಒಮ್ಮೆ ಕೇಳಿದ್ದ. ಬಾಯಿ ತುಂಬ ಮೀನು ಇಟ್ಕೊಂಡು ಎಂತದೋ ಹೇಳಿದ ಅಂದೆನಲ್ಲ. ಮುಳ್ಳು ಸಿಕ್ಕಿತು ಅಂತ ಹೇಳಿರ್ಬಹುದು. ಉಪ್ಪು ಕಡಿಮೆ ಅಂತ ಇರ್ಬಹುದು. ಸಾಲಿಂ ಅನುವಾದ ಮಾಡ್ಲಿಲ್ಲ, ನಾನೇ ಮಾಡ್ಕೊಂಡೆ. ನಮ್ಮ ಕೈಯ ಅನ್ನ ಬಾಯಲ್ಲಿ ಇಟ್ಕೊಂಡವ ಏನು ಹೇಳಿದ್ರೂ ಸಲಾಂ ಅಂತಲೇ ತಿಳ್ಕೊಳ್ಬೇಕು ದಿಶಾ, ಅದ್ರಲ್ಲಿ ನಷ್ಟ ಇಲ್ಲ. ನಿನ್ನ ಅಮ್ಮ ತಟ್ಟೆ ಇಡುವ ಶಬ್ದ ಕೇಳ್ತದೆ. ಏಳು. ಆ ಕಾಗದ ಬಾಗಿಲಲ್ಲೇ ಇರ್ಲಿ, ತೆಗೀಬೇಡ, ಒಳ್ಳೆ ಅಕ್ಷರ. ಹೋಗು, ಅದನ್ನು ಊಟಕ್ಕೆ ಕರಿ.